ಮಳೆಗಾಲದಲ್ಲಿ ಒಣಗದ ರಕ್ತದ ಕಾರ್ಡು

ನಮ್ಮ ಕಡೆ ಕಕ್ಕಡ ತಿಂಗಳಲ್ಲಿ ಏನೂ ಒಣಗುವುದಿಲ್ಲ. ಬಾಣಂತಿಯ ಸೀರೆ ಒಣಗುವುದಿಲ್ಲ, ಪಾಪುವಿನ ಬಟ್ಟೆ ಒಣಗುವುದಿಲ್ಲ, ವಾರ್ಡಿನ ಗೋಡೆ ಕೂಡ ಬೆವರಿದ ಹಾಗಿರುತ್ತದೆ. ನವಜಾತ ಶಿಶುಗಳ ರಕ್ತ ಪರೀಕ್ಷೆ ಶುರು ಮಾಡಿದ ಮೊದಲ ವರ್ಷ, ಜುಲೈ ಕೊನೆಯಲ್ಲಿ, ಬೆಂಗಳೂರಿನ ಲ್ಯಾಬಿನಿಂದ ಫೋನ್ ಬಂತು. ಆ ವಾರ ಕಳಿಸಿದ್ದರಲ್ಲಿ ಐದು ಕಾರ್ಡು (ಪಾಪುವಿನ ರಕ್ತದ ಹನಿ ಹೀರಿಸಿ ಕಳಿಸುವ ಕಾಗದ) ಸರಿಯಾಗಿ ಒಣಗಿಲ್ಲ, ಬೇರೆ ಸ್ಯಾಂಪಲ್ ಕಳಿಸಿ ಅಂದರು. ಬೇರೆ ಕಳಿಸುವುದು ಅಂದರೆ ಐದು ಬಾಣಂತಿಯರನ್ನು ಆ ಮಳೆಯಲ್ಲಿ ಮತ್ತೆ ಕರೆಸಬೇಕು. ಐದು ಪುಟ್ಟ ಹಿಮ್ಮಡಿಗೆ ಮತ್ತೆ ಚುಚ್ಚಬೇಕು. ಮೂವರು ಬಂದರು, ಇಬ್ಬರು ಬರಲೇ ಇಲ್ಲ. ಆ ಇಬ್ಬರ ಹೆಸರು ಇವತ್ತಿಗೂ ನನ್ನ ಡೈರಿಯಲ್ಲಿದೆ.

ನಾನು ದಕ್ಷಿಣ ಕೊಡಗಿನ ಒಂದು ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು, ಕಾಯಿಲೆ ಮೈಮೇಲೆ ಕಾಣುವ ಮೊದಲೇ ಹಿಡಿಯುವ ಕೆಲಸ ನಮ್ಮಲ್ಲಿ ಹೇಗೆ ನಡೆಯಿತು ಅಂತ ಬರೆಯುತ್ತಿದ್ದೇನೆ. ಲ್ಯಾಬಿನ ದೊಡ್ಡ ಯಂತ್ರಗಳ ಬಗ್ಗೆ ಬರೆಯುವವರು ತುಂಬ ಜನ ಇದ್ದಾರೆ. ಹಿಮ್ಮಡಿಯಿಂದ ಆ ಯಂತ್ರದವರೆಗೆ, ಅಲ್ಲಿಂದ ಮತ್ತೆ ಅದೇ ಮಗುವಿನವರೆಗೆ ಒಂದು ದಾರಿ ಇದೆಯಲ್ಲ, ನಾವು ಕಷ್ಟಪಟ್ಟಿದ್ದು ಆ ದಾರಿಯಲ್ಲಿ.

ಇದೆಲ್ಲ ಶುರುವಾಗಿದ್ದು ಒಂದು 'ಸಾಧು' ಮಗುವಿನಿಂದ. ಎಂಟು ತಿಂಗಳ ಹೆಣ್ಣು ಮಗು. ಕೆಮ್ಮಿಗೆ ಔಷಧಿ ಬೇಕು ಅಂತ ಅಜ್ಜಿ ಎತ್ತಿಕೊಂಡು ಬಂದಿದ್ದರು. "ಭಾರೀ ಸಾಧು ಸಿಸ್ಟರ್ ಇದು, ಅಳೋದೇ ಇಲ್ಲ. ಇಡೀ ದಿನ ಮಲಗಿರ್ತದೆ" ಅಂದರು. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. ಮಗುವಿನ ಕತ್ತು ಇನ್ನೂ ನಿಂತಿರಲಿಲ್ಲ. ನಾಲಿಗೆ ದಪ್ಪ, ಚರ್ಮ ಒರಟು, ಹೊಕ್ಕುಳು ಉಬ್ಬಿತ್ತು. ನಾಲ್ಕು ದಿನಕ್ಕೊಮ್ಮೆ ಕಕ್ಕ ಮಾಡುತ್ತದೆ ಅಂದರು. ನಮ್ಮ ಮಕ್ಕಳ ಡಾಕ್ಟರು ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಹುಟ್ಟಿದಾಗಿನಿಂದಲೇ ಥೈರಾಯ್ಡ್ ಕೆಲಸ ಮಾಡುತ್ತಿರಲಿಲ್ಲ. ಮಾತ್ರೆ ಕೊಟ್ಟ ಮೇಲೆ ಮಗು ಚುರುಕಾಯಿತು, ಎತ್ತರ ಬೆಳೆಯಿತು. ಆದರೆ ಆ ಎಂಟು ತಿಂಗಳಲ್ಲಿ ಮೆದುಳು ಕಳೆದುಕೊಂಡಿದ್ದು ವಾಪಸ್ ಬರಲಿಲ್ಲ.

ಈ ಕಾಯಿಲೆ ಮೋಸ ಮಾಡುವುದೇ ಹೀಗೆ. ಹೊಟ್ಟೆಯಲ್ಲಿರುವಾಗ ತಾಯಿಯ ಥೈರಾಯ್ಡ್ ಹಾರ್ಮೋನು ಸ್ವಲ್ಪ ಮಗುವಿಗೂ ಸಿಗುತ್ತದೆ. ಹಾಗಾಗಿ ಹುಟ್ಟಿದಾಗ ಮಗು ಚೆನ್ನಾಗಿಯೇ ಇರುತ್ತದೆ. ಲಕ್ಷಣ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ನಮ್ಮ ದೇಶದಲ್ಲಿ ಸುಮಾರು 1000 ಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ. ಎರಡು ವಾರದ ಒಳಗೆ ಮಾತ್ರೆ ಶುರುವಾದರೆ ಆ ಮಗುವೂ ಉಳಿದ ಮಕ್ಕಳ ಹಾಗೆ ಓದಿ, ಆಡಿ ಬೆಳೆಯುತ್ತದೆ. ಮಾತ್ರೆಗೆ ದಿನಕ್ಕೆ ಕೆಲವೇ ರೂಪಾಯಿ. ಇಷ್ಟು ಸುಲಭದ್ದು ನಮ್ಮ ಕಣ್ಣೆದುರೇ ತಪ್ಪಿಹೋಯಿತಲ್ಲ ಅನ್ನುವುದನ್ನು ಡಾಕ್ಟರಿಗೂ ತಡೆಯಲಾಗಲಿಲ್ಲ, ನನಗೂ ಆಗಲಿಲ್ಲ. ಮುಂದಿನ ತಿಂಗಳೇ ಕಾರ್ಡು ತರಿಸಿದೆವು.

ಒಣಗಿದ ರಕ್ತದ ಚುಕ್ಕೆಯಲ್ಲಿ ಕಾಯಿಲೆ ಹುಡುಕುವ ಉಪಾಯ ಅಮೆರಿಕದ ರಾಬರ್ಟ್ ಗತ್ರಿ ಅವರದು, 1960ರ ದಶಕದ್ದು. ಅವರ ಸ್ವಂತ ಮಗನಿಗೇ ಬುದ್ಧಿಮಾಂದ್ಯ ಇತ್ತು. ನಮ್ಮ ಕರ್ನಾಟಕವೂ ತೀರ ಹಿಂದೇನೂ ಇರಲಿಲ್ಲ. 1980ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು ಸುಮಾರು ಒಂದು ಲಕ್ಷ ಶಿಶುಗಳನ್ನು ಅಮೈನೋ ಆಮ್ಲದ ಕಾಯಿಲೆಗಳಿಗಾಗಿ (ಪ್ರೋಟೀನಿನ ತುಣುಕುಗಳು ದೇಹದಲ್ಲಿ ಸರಿಯಾಗಿ ಬಳಕೆಯಾಗದೆ ರಕ್ತದಲ್ಲಿ ಏರುವ ಕಾಯಿಲೆಗಳು) ಪರೀಕ್ಷೆ ಮಾಡಿದ್ದರು. ಟ್ರೈನಿಂಗಿನಲ್ಲಿ ಇದನ್ನು ಕೇಳಿದಾಗ ನನಗೆ ಖುಷಿಗಿಂತ ಬೇಸರವೇ ಜಾಸ್ತಿ ಆಯಿತು. ಅಷ್ಟು ಹಿಂದೆ ಶುರುವಾದದ್ದು ಇನ್ನೂ ತೋಟದ ಕೆಲಸದವರು ಇರುವ ನಮ್ಮ ಲೈನ್ ಮನೆಗಳ ಎಲ್ಲ ಪಾಪುಗಳಿಗೂ ತಲುಪಿಲ್ಲ ಅಲ್ವಾ.

ಕೆಲಸ ನೋಡಲು ಸಣ್ಣದು. ಕೈಗೆ ಹತ್ತಲು ತಿಂಗಳುಗಳೇ ಬೇಕಾದವು. ಮೊದಲು ಹಿಮ್ಮಡಿಯನ್ನು ಬೆಚ್ಚಗೆ ಮಾಡಬೇಕು. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಮೂರ್ನಾಲ್ಕು ನಿಮಿಷ ಸುತ್ತಿಟ್ಟರೆ ಸಾಕು. ತಾಯಿಗೆ ಮಗುವನ್ನು ಎದೆಗೆ ಕೊಡಲು ಹೇಳುತ್ತೇನೆ. ಹಾಲು ಕುಡಿಯುತ್ತಿರುವ ಮಗು ಅಳುವುದು ಕಡಿಮೆ. ಚುಚ್ಚುವುದು ಹಿಮ್ಮಡಿಯ ನಡುಭಾಗಕ್ಕಲ್ಲ, ಎರಡು ಬದಿಗಳಲ್ಲಿ ಒಂದಕ್ಕೆ. ನಡುವೆ ಮೂಳೆ ಹತ್ತಿರ ಇರುತ್ತದೆ. ಸ್ಪಿರಿಟ್ ಹಚ್ಚಿದ ಮೇಲೆ ಅದು ಪೂರ್ತಿ ಆರುವ ತನಕ ಕಾಯಬೇಕು. ಮೊದಲ ಹನಿ ಒರೆಸಿಬಿಡಬೇಕು. ಎರಡನೇ ಹನಿ ತಾನಾಗಿ ದೊಡ್ಡದಾಗಲಿ ಅಂತ ಬಿಟ್ಟು, ಆಮೇಲೆ ಕಾರ್ಡಿನ ವೃತ್ತಕ್ಕೆ ಮೆಲ್ಲಗೆ ತಾಗಿಸಬೇಕು. ರಕ್ತ ಕಾಗದದ ಹಿಂಬದಿಗೂ ಇಳಿದು ಕಾಣಬೇಕು. ಶುರುವಿನಲ್ಲಿ ನಾನು ವೃತ್ತ ತುಂಬಲಿಲ್ಲ ಅಂತ ಅದರ ಮೇಲೇ ಇನ್ನೊಂದು ಹನಿ ಹಾಕುತ್ತಿದ್ದೆ, ಹಿಮ್ಮಡಿಯನ್ನು ಹಿಂಡುತ್ತಿದ್ದೆ. ಎರಡೂ ತಪ್ಪು. ಹಿಂಡಿದರೆ ರಕ್ತದ ಜೊತೆ ಮೈನೀರು ಸೇರುತ್ತದೆ. ಹನಿ ಮೇಲೆ ಹನಿ ಹಾಕಿದರೆ ಒಂದು ಚುಕ್ಕೆಯಲ್ಲಿ ಎರಡು ಚುಕ್ಕೆಯ ರಕ್ತ ಇರುತ್ತದೆ, ಲೆಕ್ಕ ತಪ್ಪುತ್ತದೆ.

ಯಾವಾಗ ತೆಗೆಯುವುದು ಅನ್ನುವುದು ಇನ್ನೊಂದು ತಲೆನೋವು. ಹುಟ್ಟಿ 48ರಿಂದ 72 ಗಂಟೆಯ ನಡುವೆ ಒಳ್ಳೆಯ ಸಮಯ. ಮೊದಲ ದಿನ ಎಲ್ಲ ಮಕ್ಕಳಲ್ಲೂ, ಥೈರಾಯ್ಡ್ ಕೆಲಸ ಮಾಡದಿದ್ದಾಗ ಏರುವ ಹಾರ್ಮೋನು ಟಿಎಸ್‌ಎಚ್ ತಾನಾಗಿಯೇ ಏರಿರುತ್ತದೆ. ಆಗ ತೆಗೆದರೆ ಆರೋಗ್ಯವಾಗಿರುವ ಮಗುವಿಗೂ ಕಾಯಿಲೆ ಇದ್ದ ಹಾಗೆ ರಿಪೋರ್ಟ್ ಬರುತ್ತದೆ. ಅಮೈನೋ ಆಮ್ಲದ ಕಾಯಿಲೆಗಳ ಕತೆ ಉಲ್ಟಾ. ಮಗು ಒಂದೆರಡು ದಿನ ಹಾಲು ಕುಡಿಯುವ ತನಕ ಅವು ರಕ್ತದಲ್ಲಿ ಕಾಣುವುದಿಲ್ಲ. ಆದರೆ ತೋಟದ ಕೆಲಸದವರು ಹೆರಿಗೆಯ ಮರುದಿನವೇ ಹೊರಟು ನಿಲ್ಲುತ್ತಾರೆ. ಕಾಫಿ ಕೊಯ್ಲಿನ ಸಮಯದಲ್ಲಂತೂ ಗಂಡ ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾನೆ. ಅವರನ್ನು ದೂರಿ ಪ್ರಯೋಜನ ಇಲ್ಲ. ಅಂಥ ಕಡೆ ಈಗ ಹೆರಿಗೆಯ ಹೊತ್ತಿನಲ್ಲೇ ಹೊಕ್ಕುಳಬಳ್ಳಿಯ ರಕ್ತ ತೆಗೆದಿಡುತ್ತೇವೆ. ಥೈರಾಯ್ಡ್ ನೋಡಲು ಅದು ಆಗುತ್ತದೆ. ಅಮೈನೋ ಆಮ್ಲದ ಕಾಯಿಲೆಗಳಿಗೆ ಆಗುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ, ಅವಳಿ ಮಕ್ಕಳಿಗೆ ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ಮಗುವಿಗೆ ರಕ್ತ ಕೊಡಬೇಕಾಗಿ ಬಂದರೆ, ಕೊಡುವ ಮೊದಲೇ ಕಾರ್ಡು.

ಈಗ ಒಣಗಿಸುವ ವಿಷಯಕ್ಕೆ ಬರುತ್ತೇನೆ. ಕಾರ್ಡನ್ನು ಅಡ್ಡಲಾಗಿ, ಯಾವುದಕ್ಕೂ ತಾಗದ ಹಾಗೆ, ಬಿಸಿಲು ಬೀಳದ ಕಡೆ ಮೂರ್ನಾಲ್ಕು ಗಂಟೆ ಇಡಬೇಕು ಅಂತ ಪುಸ್ತಕದಲ್ಲಿದೆ. ಬಿಸಿಲಿನ ಮಾತು ಬಿಡಿ, ನಮ್ಮಲ್ಲಿ ಆಗ ಬೆಳಕೇ ಇರುವುದಿಲ್ಲ. ಆರು ಗಂಟೆ ಕಳೆದರೂ ಚುಕ್ಕೆ ಕಂದು ಬಣ್ಣಕ್ಕೆ ತಿರುಗದೆ ಕೆಂಪಗೆ ಹೊಳೆಯುತ್ತಿತ್ತು. ಒಬ್ಬರು ಪಾಪುಗಳನ್ನು ಬೆಚ್ಚಗಿಡುವ ವಾರ್ಮರ್ ಕೆಳಗೆ ಇಟ್ಟು ನೋಡಿದರು. ಬೇಗ ಒಣಗಿತು ಅಂತ ಎಲ್ಲರಿಗೂ ಸಮಾಧಾನ. ಆದರೆ ಬಿಸಿ ತಾಗಿದರೆ ರಕ್ತದ ಕಿಣ್ವಗಳು ಸಾಯುತ್ತವೆ. ತೇವದಲ್ಲಿ ಇದ್ದರೂ ಸಾಯುತ್ತವೆ.

ಇದರ ಪೆಟ್ಟು ಬಿದ್ದಿದ್ದು, ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆಗೆ. ಈ ಕಿಣ್ವ ಕಡಿಮೆ ಇರುವ ಮಕ್ಕಳಿಗೆ ಕೆಲವು ಔಷಧಿ, ನುಸಿ ಗುಳಿಗೆಯ ಘಾಟು ಇವೆಲ್ಲ ಆಗಿಬರುವುದಿಲ್ಲ. ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ನಮ್ಮ ಊರಲ್ಲಿ ಮಳೆಗಾಲಕ್ಕೆ ಬಟ್ಟೆ ಪೆಟ್ಟಿಗೆಗೆ ನುಸಿ ಗುಳಿಗೆ ಹಾಕದ ಮನೆ ಇಲ್ಲ. ದೊಡ್ಡ ಮಗುವಿನ ಹಳೇ ಬಟ್ಟೆಯನ್ನು ಅದೇ ಪೆಟ್ಟಿಗೆಯಿಂದ ತೆಗೆದು ಹೊಸ ಪಾಪುವಿಗೆ ತೊಡಿಸುತ್ತಾರೆ. ಹಾಗಾಗಿ ಈ ಪರೀಕ್ಷೆ ಕೊಡಗಿಗೆ ಬೇಕೇ ಬೇಕು ಅಂತ ನಾನು ಹಟ ಹಿಡಿದಿದ್ದೆ. ಆ ವಾರ್ಮರ್ ಕಾರ್ಡುಗಳ ರಿಪೋರ್ಟ್ ಬಂದಾಗ ಸಾಲು ಸಾಲಾಗಿ 'ಕಡಿಮೆ' ಅಂತ ಇತ್ತು. ಮನೆಗಳಿಗೆ ಫೋನ್ ಮಾಡಿದೆವು, ಜನ ಗಾಬರಿಯಾಗಿ ಓಡಿಬಂದರು. ಹೊಸ ರಕ್ತ ತೆಗೆದು ನೋಡಿದರೆ ಒಂದು ಮಗು ಬಿಟ್ಟು ಉಳಿದವರೆಲ್ಲ ಸರಿ ಇದ್ದರು. ಒಬ್ಬ ತಾಯಿ ಎರಡು ದಿನ ಊಟ ಬಿಟ್ಟಿದ್ದರಂತೆ. ಅವರ ಅತ್ತೆ ನನ್ನ ಹತ್ತಿರ ಬಂದು, "ಸರಿ ಇದ್ದ ಕೂಸಿಗೆ ಕಾಯಿಲೆ ಅಂದ್ರಲ್ಲ ಸಿಸ್ಟರ್" ಅಂದರು. ಬೈಯಲಿಲ್ಲ, ಅಷ್ಟೇ ಹೇಳಿದರು. ತಪ್ಪು ನಮ್ಮದೇ ಅಂತ ಒಪ್ಪಿಕೊಂಡು ಅವರ ಕೈ ಹಿಡಿದುಕೊಂಡೆ.

ದಾರಿ ಸಿಕ್ಕಿದ್ದು ಸ್ಕ್ಯಾನಿಂಗ್ ರೂಮಿನಲ್ಲಿ. ಯಂತ್ರ ಕೆಡಬಾರದು ಅಂತ ಅಲ್ಲಿ ಎಸಿ ಇದೆ, ಗಾಳಿಯಲ್ಲಿ ತೇವ ಕಡಿಮೆ. ಡಾಕ್ಟರನ್ನು ಕೇಳಿ ಒಂದು ಮೂಲೆಯಲ್ಲಿ ಸ್ಟ್ಯಾಂಡ್ ಇಟ್ಟೆ. ನಾಲ್ಕು ಗಂಟೆಯಲ್ಲಿ ಚುಕ್ಕೆಗಳು ಗಟ್ಟಿ ಕಂದು ಬಣ್ಣಕ್ಕೆ ಬಂದವು. ಆಮೇಲೆ ಜಿಪ್ ಇರುವ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕುತ್ತೇವೆ. ತೇವ ತೋರಿಸುವ ಒಂದು ಸಣ್ಣ ಚೀಟಿ ಒಳಗಿರುತ್ತದೆ. ಬಣ್ಣ ಬದಲಾದರೆ ಪೊಟ್ಟಣ ಬದಲಾಯಿಸುತ್ತೇವೆ. ಸಂಜೆ ಕೊರಿಯರ್ ಹುಣಸೂರು, ಮೈಸೂರು ದಾಟಿ ಬೆಂಗಳೂರಿಗೆ ಹೋಗುತ್ತದೆ. ಕಾರ್ಡು 24 ಗಂಟೆಗಿಂತ ಹೆಚ್ಚು ನಮ್ಮಲ್ಲಿ ಉಳಿಯಬಾರದು ಅಂತ ನಿಯಮ ಮಾಡಿಕೊಂಡಿದ್ದೇವೆ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಮುಳುಗಿದ ದಿನಗಳಲ್ಲಿ ಮಾತ್ರ ಅದು ಆಗಲಿಲ್ಲ. ಕರೆಂಟೂ ಇಲ್ಲ, ಕೊರಿಯರೂ ಇಲ್ಲ. ಹುಟ್ಟಿದ ಮಕ್ಕಳ ಪಟ್ಟಿ ಬರೆದಿಟ್ಟು, ನೀರು ಇಳಿದ ಮೇಲೆ ಒಬ್ಬೊಬ್ಬರನ್ನೇ ಕರೆಸಿದೆವು.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಮಗು ಕೈತಪ್ಪಬಹುದು ಅಂತ ಗೊತ್ತಾಗಿದ್ದು ಒಂದು ಡಿಸೆಂಬರಿನಲ್ಲಿ. ಪಿರಿಯಾಪಟ್ಟಣ ಕಡೆಯಿಂದ ಸಿದ್ದಾಪುರದ ಹತ್ತಿರದ ತೋಟಕ್ಕೆ ಕೆಲಸಕ್ಕೆ ಬಂದಿದ್ದ ಗಂಡ ಹೆಂಡತಿ. ಗಂಡು ಮಗು, ತೂಕ ಮೂರು ಕೆಜಿ. ನೋಡಲು ಎಲ್ಲ ಚೆನ್ನಾಗಿತ್ತು. ಟಿಎಸ್‌ಎಚ್ 20ರ ಒಳಗಿರಬೇಕಾದದ್ದು 80 ದಾಟಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ಎರಡು ದಿನ ಮಾಡಿದರೂ ಅದೇ. ಆಶಾ ಕಾರ್ಯಕರ್ತೆ ಲೈನ್ ಮನೆಗೆ ಹೋಗಿ ನೋಡಿದರೆ ಬೀಗ. ಕೂಲಿ ಜಾಸ್ತಿ ಸಿಗುತ್ತದೆ ಅಂತ ಬೇರೆ ತೋಟಕ್ಕೆ ಹೋಗಿದ್ದರು. ಯಾವ ತೋಟ ಅಂತ ಅಕ್ಕಪಕ್ಕದವರಿಗೆ ಗೊತ್ತಿಲ್ಲ. ಕೊನೆಗೆ ತೋಟದ ಲೆಕ್ಕ ಬರೆಯುವ ರೈಟರ್ ಮೇಸ್ತ್ರಿಯನ್ನು ಕೇಳಿ, ಆ ಮೇಸ್ತ್ರಿ ಇನ್ನೊಬ್ಬ ಮೇಸ್ತ್ರಿಯನ್ನು ಕೇಳಿ, ಸುಂಟಿಕೊಪ್ಪದ ಕಡೆ ಇದ್ದಾರೆ ಅಂತ ಗೊತ್ತಾಯಿತು. ನಮ್ಮ ಡಾಕ್ಟರು ತಮ್ಮ ಜೀಪಿನಲ್ಲೇ ನನ್ನನ್ನೂ ಕರೆದುಕೊಂಡು ಹೊರಟರು. ಅದು ಮಗುವಿನ ಹನ್ನೊಂದನೇ ದಿನ.

ತಾಯಿ ಕಾಫಿ ಕೊಯ್ಯುವ ಕಡೆ ನೆರಳಲ್ಲಿ ಮಗುವನ್ನು ಮಲಗಿಸಿದ್ದಳು. ನಮ್ಮನ್ನು ನೋಡಿ ಹೆದರಿದಳು. ಅಲ್ಲೇ ಪಕ್ಕದಲ್ಲಿ ಕೂತು ಹೇಳಿದೆ. "ನಿನ್ನ ತಪ್ಪಲ್ಲ ಕಣವ್ವ. ಕುತ್ತಿಗೆಯಲ್ಲಿ ಒಂದು ಗ್ರಂಥಿ ಇರ್ತದೆ, ಪಾಪುಗೆ ಅದು ಸರಿಯಾಗಿ ಬೆಳೆದಿಲ್ಲ. ಅದು ಮಾಡೋ ಕೆಲಸ ಮಾತ್ರೆ ಮಾಡ್ತದೆ." ಇದನ್ನು ಹೇಳಲೇಬೇಕು. ಇಲ್ಲದಿದ್ದರೆ ಗ್ರಹಣದ ಹೊತ್ತಲ್ಲಿ ಹೊರಗೆ ಹೋದಳು, ಇವಳ ತವರಿನ ಕಡೆಯ ದೋಷ ಅಂತ ಎಲ್ಲವೂ ಹೆಂಗಸಿನ ತಲೆ ಮೇಲೆ ಬರುತ್ತದೆ. ಅವತ್ತೇ ರಕ್ತನಾಳದಿಂದ ರಕ್ತ ತೆಗೆದು ಖಚಿತಪಡಿಸಲು ಕಳಿಸಿದೆವು, ಅದರ ರಿಪೋರ್ಟಿಗೆ ಕಾಯದೆ ಡಾಕ್ಟರು ಮಾತ್ರೆ ಶುರು ಮಾಡಿದರು. ಡೋಸು ಒಂದು ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 15 ಮೈಕ್ರೋಗ್ರಾಂ. ಎರಡು ಚಮಚದ ನಡುವೆ ಮಾತ್ರೆ ಪುಡಿ ಮಾಡಿ, ಎದೆಹಾಲು ನಾಲ್ಕು ತೊಟ್ಟು ಸೇರಿಸಿ, ಕುಡಿಸುವುದನ್ನು ಅವಳ ಕೈಯಲ್ಲೇ ಮೂರು ಸಲ ಮಾಡಿಸಿದೆ. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಔಷಧಿ ಕೊಟ್ಟರೆ ಇದರ ಜೊತೆ ಬೇಡ, ಗಂಟೆಗಟ್ಟಲೆ ಅಂತರ ಇರಲಿ ಅಂತ ತಾಯಿ ಕಾರ್ಡಿನ ಮೇಲೆ ಬರೆದೆ.

ಅಂದಿನಿಂದ ನಮ್ಮ ಫಾರಂನಲ್ಲಿ ಮೂರು ಫೋನ್ ನಂಬರ್ ಕೇಳುತ್ತೇವೆ. ಒಂದು ತಾಯಿಯದು, ಒಂದು ತಂದೆಯದು. ಮೂರನೆಯದು ಊರು ಬಿಡದ ಒಬ್ಬರದು. ರೈಟರ್ ಆಗಬಹುದು, ಅಂಗನವಾಡಿ ಟೀಚರ್ ಆಗಬಹುದು, ಊರಲ್ಲಿರುವ ಅಜ್ಜಿ ಆಗಬಹುದು. ಡಿಸ್ಚಾರ್ಜ್ ಮೊದಲು ಮೂರಕ್ಕೂ ರಿಂಗ್ ಮಾಡಿ ನೋಡುತ್ತೇನೆ. ನನ್ನನ್ನು ಕೇಳಿದರೆ ಈ ಮೂರನೇ ನಂಬರ್ ಕೂಡ ಪರೀಕ್ಷೆಯ ಒಂದು ಭಾಗವೇ.

ಆದಿವಾಸಿಗಳು ಇರುವ ಹಾಡಿಗಳಲ್ಲಿ ಬೇರೆ ಕಷ್ಟ. ಆದಿವಾಸಿ ಜನರಲ್ಲಿ ಸಿಕಲ್ ಸೆಲ್, ಅಂದರೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ ಕಾಯಿಲೆ, ಜಾಸ್ತಿ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿ ರಾಷ್ಟ್ರೀಯ ಅಭಿಯಾನ ಶುರು ಮಾಡಿತು, ಕರ್ನಾಟಕವೂ ಅದರಲ್ಲಿದೆ. ಒಳ್ಳೆಯ ಕೆಲಸ. ಆದರೆ ಒಂದು ಶಿಬಿರದಲ್ಲಿ ಎರಡು ತಿಂಗಳ ಎರವರ ಮಗುವಿಗೆ ಸಾಲ್ಯುಬಿಲಿಟಿ ಪರೀಕ್ಷೆ ಮಾಡಿ, "ಏನೂ ಇಲ್ಲ" ಅಂತ ಕಳಿಸಿದ್ದರು. ಆರು ತಿಂಗಳ ಒಳಗಿನ ಮಗುವಿನ ರಕ್ತದಲ್ಲಿ ಭ್ರೂಣದ ಕಾಲದ ಹಿಮೋಗ್ಲೋಬಿನೇ ತುಂಬಿರುತ್ತದೆ, ಆ ಪರೀಕ್ಷೆಯಲ್ಲಿ ಕಾಯಿಲೆ ಕಾಣುವುದಿಲ್ಲ. ಎಚ್‌ಪಿಎಲ್‌ಸಿ ಥರದ್ದು, ಹಿಮೋಗ್ಲೋಬಿನಿನ ಬಗೆಗಳನ್ನು ಬೇರೆ ಬೇರೆ ಮಾಡಿ ತೋರಿಸುವ ಪರೀಕ್ಷೆ ಬೇಕು. ವರ್ಷ ತುಂಬುವಾಗ ಕೈಕಾಲು ಊದಿಕೊಂಡು ಆ ಮಗು ನಮ್ಮಲ್ಲಿಗೆ ಬಂತು. ಮೊದಲೇ ಗೊತ್ತಿದ್ದರೆ ಎರಡು ತಿಂಗಳಿಂದಲೇ ಪೆನಿಸಿಲಿನ್ ಕೊಡಬಹುದಿತ್ತು, ಹೊಟ್ಟೆಯ ಎಡಗಡೆ ಇರುವ ಗುಲ್ಮ ಊದಿದೆಯೇ ಅಂತ ಹೊಟ್ಟೆ ಮುಟ್ಟಿ ನೋಡುವುದನ್ನು ತಾಯಿಗೆ ಕಲಿಸಬಹುದಿತ್ತು.

ಈಗ ಟ್ಯಾಂಡೆಮ್ ಮಾಸ್ ಎಂಬ ಯಂತ್ರದಲ್ಲಿ ಒಂದೇ ಚುಕ್ಕೆಯಿಂದ ನಲವತ್ತು ಐವತ್ತು ಕಾಯಿಲೆ ನೋಡುತ್ತಾರೆ. ಇಂಗ್ಲೆಂಡಿನಲ್ಲಿ ಒಂದು ಲಕ್ಷ ಶಿಶುಗಳ ಇಡೀ ಜೀನೋಮನ್ನೇ ಓದುವ ಅಧ್ಯಯನ ನಡೆದಿದೆ. ದುಡ್ಡಿರುವವರು ನಮ್ಮಲ್ಲೂ ದೊಡ್ಡ ಪ್ಯಾಕೇಜ್ ಕೇಳುತ್ತಾರೆ, ನಾನು ಬೇಡ ಅನ್ನುವುದಿಲ್ಲ. ಆದರೆ ಹಿಡಿದ ಕಾಯಿಲೆಗೆ ಔಷಧಿ ಬೇಕಲ್ಲ. 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ 50 ಲಕ್ಷದವರೆಗೆ ನೆರವು ಇದೆ, ಕೆಲವು ಔಷಧಿಗಳ ಬೆಲೆ ಅದನ್ನೂ ಮೀರುತ್ತದೆ. ಕೊಡಗಿನ ಮಟ್ಟಿಗೆ ನಾನು ಕೇಳುವುದು ಇಷ್ಟೇ. ಮೊದಲು ಪ್ರತಿ ಪಾಪುವಿಗೂ ಥೈರಾಯ್ಡ್ ಪರೀಕ್ಷೆ ಆಗಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದರೂ, ದಾರಿಯಲ್ಲಿ ಆಂಬುಲೆನ್ಸಿನಲ್ಲಿ ಹುಟ್ಟಿದರೂ.

ಸುಂಟಿಕೊಪ್ಪದ ಕಡೆ ಸಿಕ್ಕಿದ ಆ ಹುಡುಗನಿಗೆ ಮೂರು ವರ್ಷ ತುಂಬಿದಾಗ, ಮಾತ್ರೆ ಇನ್ನೂ ಬೇಕೇ ಅಂತ ನೋಡಲು ಕೆಲವು ವಾರ ನಿಲ್ಲಿಸಿ ಪರೀಕ್ಷೆ ಮಾಡಿದೆವು. ಕೆಲವು ಮಕ್ಕಳಲ್ಲಿ ತೊಂದರೆ ತಾತ್ಕಾಲಿಕ. ಇವನಿಗೆ ಬೇಕೇ ಬೇಕು ಅಂತ ಬಂತು. ತಾಯಿ ಅತ್ತಳು. ಅವನು ನನ್ನ ಟೇಬಲ್ ಮೇಲಿದ್ದ ಸ್ಟೆತಸ್ಕೋಪ್ ಎಳೆದು, "ಇದು ಯಾರ್ದು? ಇದ್ರಲ್ಲಿ ಏನ್ ಕೇಳ್ತದೆ? ಅಮ್ಮಂಗೂ ಇಡು" ಅಂತ ಒಂದೇ ಸಮನೆ ಮಾತಾಡುತ್ತಿದ್ದ. ಕಳೆದ ಫೆಬ್ರವರಿಯಲ್ಲಿ ಅವನಿಗೆ ತಂಗಿ ಹುಟ್ಟಿದಳು. ಮೂರನೇ ದಿನ ಕಾರ್ಡು ಹಿಡಿದು ನಾನು ಮಂಚದ ಹತ್ತಿರ ಹೋದೆ. ಅವನ ಅಪ್ಪ ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ಅದರಲ್ಲಿ ಮೂರು ನಂಬರ್ ಬರೆದಿತ್ತು, ಮೂರನೆಯದರ ಮುಂದೆ 'ರೈಟರ್' ಅಂತ.