ವಿಮಾನ ಅಪಘಾತದ ಕಾರಣ ಹುಡುಕುವುದು ಹೇಗೆ?

ಇಳಿಯುವ ಹೊತ್ತಿನಲ್ಲಿ ವಿಮಾನ ಬಿದ್ದಾಗಲೆಲ್ಲ ಸಂಜೆಯೊಳಗೆ ‘ಪೈಲಟ್ ತಪ್ಪು’ ಎಂಬ ತೀರ್ಪು ಹೊರಬೀಳುವುದನ್ನು ನೋಡುತ್ತಲೇ ಬಂದಿದ್ದೇನೆ. ತನಿಖೆಯ ನಿಜವಾದ ಕ್ರಮವನ್ನು 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ 158 ಜನರನ್ನು ಬಲಿತೆಗೆದುಕೊಂಡ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುರಂತದ ಮೂಲಕವೇ ವಿವರಿಸುತ್ತೇನೆ.

ರಕ್ಷಣಾ ಕಾರ್ಯ ಮುಗಿದ ಮೇಲೆ ಅವಶೇಷಗಳು ಬಿದ್ದಲ್ಲೇ ಅವುಗಳ ಫೋಟೊ ತೆಗೆದು ನಕ್ಷೆಯಲ್ಲಿ ಗುರುತಿಸಬೇಕು. ಬಳಿಕ ಎರಡೂ ಕಪ್ಪುಪೆಟ್ಟಿಗೆಗಳನ್ನು, ಅಂದರೆ ಹಾರಾಟದ ದತ್ತಾಂಶವನ್ನೂ ಕಾಕ್‌ಪಿಟ್‌ನ (ಪೈಲಟ್‌ಗಳ ಕೋಣೆಯ) ಧ್ವನಿಯನ್ನೂ ದಾಖಲಿಸುವ ಉಪಕರಣಗಳನ್ನು, ಹುಡುಕಿ ತೆಗೆಯಬೇಕು. ಹವಾಮಾನ ಮತ್ತು ಎಂಜಿನ್‌ಗಳನ್ನೂ ಪರೀಕ್ಷಿಸಬೇಕು. ಬಜ್ಪೆಯಲ್ಲಿ ಅಂದು ಗಾಳಿ ಶಾಂತವಾಗಿತ್ತು.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ, ಅಂದರೆ ಹಾರಾಟದ ದತ್ತಾಂಶವನ್ನೂ ಕಾಕ್‌ಪಿಟ್‌ನ ಧ್ವನಿಯನ್ನೂ ಒಂದೇ ಕಾಲರೇಖೆಯ ಮೇಲೆ ಹೊಂದಿಸುವಾಗ. ದತ್ತಾಂಶದ ರೇಖಾಚಿತ್ರವನ್ನು ಮೊದಲು ಬರೆದುಕೊಳ್ಳಿ, ಧ್ವನಿಯನ್ನು ಆಮೇಲೆ ಕೇಳಿ. ಕಿವಿಗೆ ಮೊದಲು ಬಿದ್ದ ಮಾತು ಮನಸ್ಸಿನಲ್ಲಿ ಕಥೆ ಕಟ್ಟಿಬಿಡುತ್ತದೆ, ಅಂಕಿಗಳು ಆ ಕಥೆಗೆ ಬಾಗತೊಡಗುತ್ತವೆ. ಬಜ್ಪೆಯಲ್ಲಿ ರನ್‌ವೇಯ ಆರಂಭದ ಅಂಚನ್ನು 50 ಅಡಿ ಎತ್ತರದಲ್ಲಿ, 144 ನಾಟ್ (ಗಂಟೆಗೆ ಸುಮಾರು 267 ಕಿ.ಮೀ.) ವೇಗದಲ್ಲಿ ದಾಟಬೇಕಿದ್ದ ವಿಮಾನವು ಸುಮಾರು 200 ಅಡಿ ಎತ್ತರದಲ್ಲಿ, 160 ನಾಟ್‌ಗೂ ಮೀರಿದ ವೇಗದಲ್ಲಿ ದಾಟಿತ್ತು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲಷ್ಟೇ ಅದು ನೆಲ ಮುಟ್ಟಿತು. ಇದರ ಮೇಲೆ ಧ್ವನಿಯನ್ನು ಕೂರಿಸಿದಾಗ, ಇಳಿಯುವುದನ್ನು ಬಿಟ್ಟು ಮೇಲೇರುವಂತೆ ಸಹಪೈಲಟ್ ಮೂರು ಬಾರಿ ‘ಗೋ ಅರೌಂಡ್’ ಎಂದದ್ದು ಯಾವ ಎತ್ತರದಲ್ಲಿ, ಯಾವ ಎಚ್ಚರಿಕೆಯ ಸದ್ದಿನ ನಡುವೆ ಎಂಬುದು ತಿಳಿಯುತ್ತದೆ. ವಿಮಾನದ ಜಾಡು ತೋರಿಸುವ ಮೊಬೈಲ್ ಆ್ಯಪ್‌ಗಳನ್ನಾಗಲಿ, ಟಿ.ವಿ.ಯ ಅನಿಮೇಷನ್‌ಗಳನ್ನಾಗಲಿ ಈ ಕೆಲಸಕ್ಕೆ ನೆಚ್ಚಬೇಡಿ. ಕಾಕ್‌ಪಿಟ್‌ನೊಳಗಿನ ಮಾತು ಅವುಗಳಲ್ಲಿ ಇರುವುದೇ ಇಲ್ಲ.

‘ಏನಾಯಿತು’ ಎಂಬುದು ತಿಳಿದ ಮೇಲೆ ‘ಏಕೆ’ ಎಂದು ಕೇಳುತ್ತಲೇ ಹೋಗಬೇಕು. ವಿಮಾನ ಅಷ್ಟು ಎತ್ತರದಲ್ಲಿ ಏಕಿತ್ತು? ಮಂಗಳೂರಿನ ರಾಡಾರ್ ಎರಡು ದಿನಗಳಿಂದ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ತಡವಾಗಿ; ಹೀಗೆ ಇಳಿಯಲು ಉಳಿದ ಕಡಿಮೆ ದೂರಕ್ಕೆ ತಕ್ಕಂತೆ ಪೈಲಟ್‌ಗಳು ಇಳಿಯುವ ಯೋಜನೆ ಮಾಡಿಕೊಳ್ಳಲಿಲ್ಲ. ಕ್ಯಾಪ್ಟನ್ ಏಕೆ ಎಚ್ಚೆತ್ತುಕೊಳ್ಳಲಿಲ್ಲ? ಹಾರಾಟದ ನಡುವೆ ಸುಮಾರು ಒಂದು ಗಂಟೆ ನಲವತ್ತು ನಿಮಿಷ ನಿದ್ರಿಸಿದ್ದ ಅವರ ತೀರ್ಮಾನಶಕ್ತಿಯನ್ನು ಆ ನಿದ್ದೆಯ ಮಂಪರು ಕುಗ್ಗಿಸಿದ್ದಿರಬಹುದು ಎಂದು ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ಹೇಳಿತು. ಸಹಪೈಲಟ್ ನಿಯಂತ್ರಣವನ್ನು ಏಕೆ ಕೈಗೆ ತೆಗೆದುಕೊಳ್ಳಲಿಲ್ಲ? ಆ ಅಧಿಕಾರದ ಕುರಿತ ಸೂಚನೆಗಳಲ್ಲಿದ್ದ ಅಸ್ಪಷ್ಟತೆ ಕಾರಣವಿರಬಹುದು ಎಂದೂ ವರದಿ ಗುರುತಿಸಿತು. ನನಗೆ ಇಡೀ ವರದಿಯಲ್ಲಿ ಅತ್ಯಂತ ಮುಖ್ಯವೆನಿಸುವುದು ಈ ಕೊನೆಯ ಅಂಶ.

ರನ್‌ವೇ ಮುಗಿದ ನಂತರದ ಜಾಗವನ್ನೂ ಬಿಡದೆ ಪರಿಶೀಲಿಸಬೇಕು. ಬಜ್ಪೆಯಲ್ಲಿ ವಿಮಾನದ ಬಲರೆಕ್ಕೆ ಅಲ್ಲಿದ್ದ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು. ಆಮೇಲೆ ವಿಮಾನ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಒಡೆದ ಒಡಲಿನ ಬಿರುಕಿನಿಂದ ಹೊರಬಂದು ಬದುಕಿ ಉಳಿದವರು ಎಂಟೇ ಜನ.