ಮನೆ ಹತ್ತಿರದ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸುವ ಮುಂಚೆ ಏನೇನು ನೋಡಬೇಕು

ಬಹಳ ಜನ ಶಾಲೆ ನೋಡುವ ಕೆಲಸವನ್ನು ಮೇ ತಿಂಗಳಲ್ಲಿ ಶುರು ಮಾಡುತ್ತಾರೆ. ಆಗ ಬೇಸಿಗೆ ರಜೆ. ಕಾಣುವುದು ಬೀಗ ಹಾಕಿದ ಗೇಟು ಮತ್ತು ಗೋಡೆ ಅಷ್ಟೇ. ಮುಂದಿನ ಜೂನ್‌ಗೆ ಒಂದನೇ ಕ್ಲಾಸಿಗೆ ಸೇರಿಸಬೇಕು ಅಂತಿದ್ದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ, ಪಾಠ ನಡೆಯುತ್ತಿರುವಾಗ ಹೋಗಿ. ಒಂದು ಸಲ ಸಾಲದು. ಒಮ್ಮೆ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ, ಇನ್ನೊಮ್ಮೆ ಮಧ್ಯಾಹ್ನ ಊಟದ ಹೊತ್ತಿಗೆ. ಸೀದಾ ಹೆಡ್‌ಮಾಸ್ಟರ್ ಹತ್ತಿರ ಹೋಗಿ, "ಸರ್, ನಮ್ಮ ಮಗುವನ್ನು ಇಲ್ಲಿಗೇ ಸೇರಿಸೋಣ ಅಂತಿದ್ದೀವಿ, ಒಂದ್ಸಲ ನೋಡಬಹುದಾ?" ಅಂತ ಕೇಳಿ. ಮಕ್ಕಳು ಕಡಿಮೆಯಾಗುತ್ತಿರುವ ಶಾಲೆಗಳೇ ಜಾಸ್ತಿ ಇರುವಾಗ ಈ ಮಾತು ಕೇಳಿದರೆ ಅವರ ಮುಖ ಅರಳುತ್ತದೆ.

ನನ್ನ ಮಗಳಿಗೆ ಶಾಲೆ ಹುಡುಕುವಾಗ ನಡೆದು ಹೋಗುವಷ್ಟು ದೂರದಲ್ಲಿ ಎರಡು ಸರ್ಕಾರಿ ಶಾಲೆ ಇದ್ದವು. ಒಂದರ ಗೋಡೆಗೆ ರೈಲು ಬೋಗಿಯ ಹಾಗೆ ಚೆಂದವಾಗಿ ಬಣ್ಣ ಬಳಿದಿದ್ದರು. ಇನ್ನೊಂದು ಹಳೆಯ ಹೆಂಚಿನ ಕಟ್ಟಡ, ಅಂಗಳದಲ್ಲಿ ಒಂದು ಹೊಂಗೆ ಮರ. ಬಣ್ಣ ನೋಡಿ ಮೊದಲನೆಯದೇ ಸರಿ ಅಂತ ಮನೆಯಲ್ಲಿ ಎಲ್ಲರೂ ಹೇಳಿದ್ದರು. ಒಳಗೆ ಹೋದ ಮೇಲೆ ನನ್ನ ಮನಸ್ಸು ಬದಲಾಯಿತು. ಯಾಕೆ ಅಂತ ಹೇಳ್ತೀನಿ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿಕಲಿ ಪದ್ಧತಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರಿಂದ ಇಡೀ ರಾಜ್ಯಕ್ಕೆ ಬಂತು. ಬೇರೆ ಬೇರೆ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಮೊದಲ ಸಲ ನೋಡಿದವರಿಗೆ ಇದೇನು ಗಲಾಟೆ, ಮೇಷ್ಟ್ರು ಪಾಠವನ್ನೇ ಮಾಡ್ತಿಲ್ಲವಲ್ಲ ಅನಿಸುತ್ತದೆ. ಗಾಬರಿ ಬೇಡ. ತಲೆ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ನೇತು ಹಾಕಿರುತ್ತಾರಲ್ಲ, ಅದಕ್ಕೆ ಚಪ್ಪರ ಅಂತಾರೆ, ಅದನ್ನು ನೋಡಿ. ಬಣ್ಣದ ಗೋಡೆಯ ಶಾಲೆಯಲ್ಲಿ ಚಪ್ಪರದ ಕಾಗದಗಳು ಬಿಸಿಲಿಗೆ ಹಳದಿಯಾಗಿ, ಧೂಳು ಹಿಡಿದು, ಎಷ್ಟೋ ತಿಂಗಳಿಂದ ಹಾಗೇ ತೂಗಾಡುತ್ತಿದ್ದವು. ಹೆಂಚಿನ ಶಾಲೆಯಲ್ಲಿ ಹಿಂದಿನ ದಿನದ್ದೋ ಆ ವಾರದ್ದೋ ಇದ್ದವು. ಒಬ್ಬ ಹುಡುಗ ನನ್ನ ಕೈ ಹಿಡಿದು ಎಳೆದು, "ಅಂಕಲ್, ಆ ನವಿಲು ನಂದು" ಅಂತ ತೋರಿಸಿದ. ಗೋಡೆಯ ಕೆಳಗೆ ಮಕ್ಕಳ ಕೈಗೆ ಎಟುಕುವ ಹಾಗೆ ಕಪ್ಪು ಹಲಗೆ ಇರುತ್ತದೆ. ಅದರ ಮೇಲೆ ಇವತ್ತು ಸೀಮೆಸುಣ್ಣ ಆಡಿದೆಯಾ ನೋಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಮೂರನೇ ಕ್ಲಾಸಿನ ಕೊನೆಗೆ ಬಂದ ಮಗು ಕನ್ನಡ ಓದಬೇಕು. ಇದೊಂದನ್ನು ಪರೀಕ್ಷೆ ಮಾಡದೆ ಯಾವ ಶಾಲೆಯನ್ನೂ ಒಪ್ಪಬೇಡಿ, ತಳ್ಳಿಯೂ ಹಾಕಬೇಡಿ. ಟೀಚರ್ ಅನುಮತಿ ಕೇಳಿ ಮೂರು ನಾಲ್ಕು ಮಕ್ಕಳ ಹತ್ತಿರ ಓದಿಸಿ. ಮುಂದಿನ ಸಾಲಿನಲ್ಲಿ ಕೂತ ಜಾಣರನ್ನು ಅವರೇ ಕರೆಯುತ್ತಾರೆ, ಅದು ಸಹಜ. ನೀವು ಹಿಂದೆ ಕೂತವರನ್ನೂ ಮಾತಾಡಿಸಿ. ಪಠ್ಯಪುಸ್ತಕದ ಪಾಠ ಬೇಡ, ಎಷ್ಟೋ ಮಕ್ಕಳಿಗೆ ಅದು ಬಾಯಿಪಾಠ ಆಗಿರುತ್ತದೆ. ಮನೆಯಿಂದ ಒಂದು ಸಣ್ಣ ಕಥೆ ಪುಸ್ತಕ ಒಯ್ಯಿರಿ, ಇಲ್ಲ ಅಂದ್ರೆ ನಾಲ್ಕು ಸಾಲು ಕೈಯಲ್ಲೇ ಬರೆದುಕೊಂಡು ಹೋಗಿ. ಅದರಲ್ಲಿ ಒತ್ತಕ್ಷರ ಇರಲಿ.

ನಾನು ಬರೆದುಕೊಂಡು ಹೋದದ್ದು ಅಜ್ಜಿ ಸಂತೆಗೆ ಹೋಗಿ ಹಣ್ಣು ತಂದ ನಾಲ್ಕು ಸಾಲು. ಹೆಂಚಿನ ಶಾಲೆಯಲ್ಲಿ ಎರಡು ಜಡೆಯ ಒಬ್ಬಳು ಹುಡುಗಿ ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಾ ಹೋದಳು. "ಕಲ್ಲಂಗಡಿ" ಹತ್ತಿರ ನಿಂತಳು. "ಕ... ಲ್ಲಂ..." ಅಂತ ತಡವರಿಸಿದಳು. ಮಿಸ್ ಪಕ್ಕದಲ್ಲೇ ಇದ್ದರು, ಬಾಯಿ ಬಿಡಲಿಲ್ಲ, ಸುಮ್ನೆ ಕಾದರು. ಆಮೇಲೆ ಅವಳೇ ಇಡೀ ಪದ ಹೇಳಿ, ಅದು ಏನು ಅಂತ ಹೊಳೆದು ನಕ್ಕಳು. ನನಗೆ ಅಷ್ಟು ಸಾಕಾಯಿತು. ಓದು ಬರುತ್ತದೆ, ತಪ್ಪಿದರೆ ಬೈಯುವವರಿಲ್ಲ, ಕಾಯುವ ಟೀಚರ್ ಇದ್ದಾರೆ. ಇನ್ನೊಂದು ಶಾಲೆಯಲ್ಲಿ ಐದನೇ ಕ್ಲಾಸಿನ ಮಕ್ಕಳೇ ಅದೇ ನಾಲ್ಕು ಸಾಲಿಗೆ ಒದ್ದಾಡಿದರು, ಪಾಪ, ಅವರದ್ದೇನು ತಪ್ಪು. ಲೆಕ್ಕಕ್ಕೂ ಒಂದು ಕೊಡಿ: 52ರಲ್ಲಿ 27 ಕಳೆಯೋದು. ದಶಕದಿಂದ ತಗೊಂಡು ಕಳೆಯಲು ಬರುತ್ತದಾ ಅಂತ ಗೊತ್ತಾಗುತ್ತದೆ.

ಟೀಚರ್‌ಗಳ ಲೆಕ್ಕ ಹಾಕಿ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳ ತನಕ 2 ಟೀಚರ್, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5 ಇರಬೇಕು. ಹಾಗಾಗಿ 40 ಮಕ್ಕಳ ಶಾಲೆಯಲ್ಲಿ ಇಬ್ಬರೇ ಟೀಚರ್ ಇದ್ದರೆ ಕಾಯ್ದೆ ಪ್ರಕಾರ ಸರಿ, ಆದರೆ ಅವರಿಬ್ಬರೇ ಐದು ಕ್ಲಾಸು ನೋಡಿಕೊಳ್ಳಬೇಕು ಅನ್ನೋದನ್ನು ಮರೆಯಬೇಡಿ. ಒಬ್ಬರು ಮೀಟಿಂಗಿಗೆ ಹೋದರೆ ಉಳಿಯೋದು ಒಬ್ಬರೇ ಅಲ್ವಾ. ಹೆಡ್‌ಮಾಸ್ಟರನ್ನು ಕೇಳಿ: ಕಾಯಂ ಟೀಚರ್ ಎಷ್ಟು ಜನ, ಅತಿಥಿ ಶಿಕ್ಷಕರು ಎಷ್ಟು, ಈ ವರ್ಷ ಯಾರಾದರೂ ವರ್ಗಾವಣೆ ಆಗುವವರಿದ್ದಾರಾ, ನಿವೃತ್ತಿ ಆಗುವವರಿದ್ದಾರಾ. ಒಬ್ಬ ಒಳ್ಳೆ ಟೀಚರ್ ಹೋದರೆ ಸಣ್ಣ ಶಾಲೆ ಅರ್ಧ ಖಾಲಿಯಾದ ಹಾಗೆ. ಬೇರೆ ಕೆಲಸಗಳಿಗೆ ಎಷ್ಟು ದಿನ ಹೋದರು ಅಂತಲೂ ಕೇಳಿ. ಚುನಾವಣೆ, ಮತದಾರರ ಪಟ್ಟಿ, ಸಮೀಕ್ಷೆ ಎಲ್ಲಕ್ಕೂ ಇವರನ್ನೇ ಕರೆಯುತ್ತಾರೆ. 2025ರಲ್ಲಿ ಸಮೀಕ್ಷೆ ಮುಗಿಯಲಿಲ್ಲ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಇದು ಟೀಚರ್‌ಗಳ ತಪ್ಪಲ್ಲ, ಆದರೆ ತಪ್ಪಿದ ಪಾಠವನ್ನು ಆಮೇಲೆ ಹೇಗೆ ಮಾಡಿದರು ಅನ್ನುವ ಉತ್ತರದಲ್ಲಿ ಆ ಶಾಲೆಯ ಶ್ರದ್ಧೆ ಗೊತ್ತಾಗುತ್ತದೆ.

ಊಟದ ಹೊತ್ತಿಗೆ ಹೋದಾಗ ತಟ್ಟೆ ನೋಡಿ. ಮಕ್ಕಳು ಉಳಿಸಿ ಎಸೆಯುತ್ತಿದ್ದಾರಾ, ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದಾರಾ? ಬಡಿಸುವ ಮುಂಚೆ ಟೀಚರ್ ರುಚಿ ನೋಡಬೇಕು ಅಂತ ನಿಯಮ ಇದೆ, ಅದನ್ನು ಬರೆದಿಡುವ ಪುಸ್ತಕವನ್ನು ಕೇಳಿದರೆ ತೋರಿಸುತ್ತಾರೆ. 2013ರಿಂದ ಕ್ಷೀರಭಾಗ್ಯದ ಹಾಲು ಬಂತು, ಆಮೇಲೆ ಮೊಟ್ಟೆಯೂ ಬಂತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅಡುಗೆಯವರ ಜೊತೆ ಎರಡು ನಿಮಿಷ ಮಾತಾಡಿ. ಯಾವ ಮಗು ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಎಲ್ಲ ಮಕ್ಕಳೂ ಬೆರೆತು ಒಟ್ಟಿಗೇ ಕೂತು ಉಣ್ಣುತ್ತಾರಾ, ಇದನ್ನಂತೂ ನಿಮ್ಮ ಕಣ್ಣಿಂದಲೇ ನೋಡಿ.

ಶೌಚಾಲಯ. ಹುಡುಗಿಯರಿಗೆ ಬೇರೆ ಇದೆಯಾ, ಒಳಗೆ ನೀರು ಬರುತ್ತದಾ, ಬೀಗ ಹಾಕಿದ್ದರೆ ಕೀಲಿ ಯಾರ ಹತ್ತಿರ ಇದೆ? ಕೀಲಿ ಆಫೀಸು ಕೋಣೆಯಲ್ಲಿದ್ದರೆ ಆರು ವರ್ಷದ ಮಗು ಅಲ್ಲಿಗೆ ಹೋಗಿ ಕೇಳಲ್ಲ, ತಡೆದುಕೊಂಡೇ ಕೂರುತ್ತದೆ.

ಇಂಗ್ಲಿಷ್ ಮೀಡಿಯಂ ಇದೆಯಾ ಅಂತ ಎಲ್ಲರೂ ಕೇಳ್ತಾರೆ. 2019-20ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಶುರು ಮಾಡಿದರು, ಆಮೇಲೆ ಇನ್ನೂ ಹೆಚ್ಚಿದವು. ಬೋರ್ಡು ನೋಡಿ ಸಮಾಧಾನ ಪಡಬೇಡಿ. ಆ ಕ್ಲಾಸಿಗೆ ಪಾಠ ಮಾಡುವವರು ಯಾರು, ಅವರಿಗೆ ತರಬೇತಿ ಸಿಕ್ಕಿದೆಯಾ ಕೇಳಿ. ಕನ್ನಡ ಮೀಡಿಯಂನಲ್ಲೂ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದ್ದೇ ಇದೆ. ನನ್ನ ಮಟ್ಟಿಗೆ, ಕನ್ನಡದಲ್ಲಿ ಸರಾಗವಾಗಿ ಓದುವ ಮಗುವಿಗೆ ಇಂಗ್ಲಿಷ್ ಬೇಗ ಹತ್ತುತ್ತದೆ. ಅದಕ್ಕೇ ಮಗಳನ್ನು ಕನ್ನಡ ಮೀಡಿಯಂಗೇ ಹಾಕಿದೆ.

ಅದು ಕಿರಿಯ ಪ್ರಾಥಮಿಕ ಶಾಲೆಯಾದರೆ ಐದಕ್ಕೆ ಮುಗಿಯುತ್ತದೆ. ಆರನೇ ಕ್ಲಾಸಿಗೆ ಎಲ್ಲಿಗೆ, ಎಷ್ಟು ದೂರ ಅಂತ ಈಗಲೇ ಯೋಚನೆ ಮಾಡಿ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಗ್ಗೆ ವಿಚಾರಿಸಿ. ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ ತಾಯಿಯರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಅಧ್ಯಕ್ಷರು ಯಾರು, ಕೊನೆಯ ಸಭೆ ಯಾವಾಗ ಆಯಿತು ಕೇಳಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ಅಮ್ಮಂದಿರನ್ನು ಮಾತಾಡಿಸಿದರೆ ಅರ್ಧ ಗಂಟೆಯಲ್ಲಿ ಎಲ್ಲ ತಿಳಿಯುತ್ತದೆ. ಮೇಷ್ಟ್ರು ಹೊಡೀತಾರಾ ಅಂತ ನೇರವಾಗಿಯೇ ಕೇಳಿ, ನೇರವಾಗಿಯೇ ಹೇಳ್ತಾರೆ.

ಸೇರಿಸೋದು ಅಂತ ತೀರ್ಮಾನವಾದರೆ ಫೀಸು ಇಲ್ಲ, ಮಗುವಿಗೆ ಪ್ರವೇಶ ಪರೀಕ್ಷೆಯೂ ಇಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಶೂ ಶಾಲೆಯಿಂದಲೇ ಸಿಗುತ್ತವೆ. ಜನನ ಪ್ರಮಾಣಪತ್ರ, ಆಧಾರ್ ಜೆರಾಕ್ಸ್ ತಗೊಂಡು ಹೋಗಿ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ, ಹಾಗೆ ಮಾಡಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬರೆದು ಕೊಡಿ. ಮೇ ಕೊನೆಯಲ್ಲಿ ಶಾಲೆ ತೆರೆದಾಗ ಪ್ರಾರಂಭೋತ್ಸವ ಇರುತ್ತದೆ, ಬಾಗಿಲಿಗೆ ತೋರಣ ಕಟ್ಟಿ ಸಿಹಿ ಹಂಚುತ್ತಾರೆ. ಅವತ್ತು ಮಗುವನ್ನು ಆಟೋದಲ್ಲಿ ಕಳಿಸಬೇಡಿ. ನೀವೇ ನಡೆಸಿಕೊಂಡು ಹೋಗಿ, ನಾಳೆಯಿಂದ ದಿನಾ ನಡೆಯುವ ದಾರಿ ಅದು.