ಪ್ಲಗ್‌ಗಿಂತ ಮೊದಲು ಬಚ್ಚಲು: ಪುಟ್ಟ ಮಗುವಿಗೆ ಮನೆ ಸಿದ್ಧ ಮಾಡುವುದು ಹೇಗೆ?

ಮಗು ಅಂಬೆಗಾಲಿಡಲು ಶುರು ಮಾಡಿದ ಕೂಡಲೇ ಹೆಚ್ಚಿನವರು ಪ್ಲಗ್ ಪಾಯಿಂಟ್‌ಗೆ ತೂರಿಸುವ ಪ್ಲಾಸ್ಟಿಕ್ ಬಿರಡೆ, ಟೇಬಲ್ ಮೂಲೆಗೆ ಅಂಟಿಸುವ ರಬ್ಬರ್ ತರಿಸುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅದೇ ಮನೆಯಲ್ಲಿ ಬಚ್ಚಲ ಬಾಗಿಲು ತೆರೆದಿರುತ್ತದೆ, ಒಳಗೆ ಬಕೆಟ್ ತುಂಬ ನೀರಿರುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ನೋಡಿದ್ದೇನೆ. ಹಾಗಾಗಿ ನೀರಿನಿಂದಲೇ ಶುರು ಮಾಡೋಣ.

ಹಂತ 1: ನೀರು

ಒಂದೆರಡು ವರ್ಷದ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ ಜಾಸ್ತಿ. ಬಕೆಟ್ಟಿಗೆ ಬಗ್ಗಿದರೆ ತಲೆಕೆಳಗಾಗಿ ಬೀಳುತ್ತದೆ. ಮೇಲೇಳಲು ತೋಳಿನಲ್ಲಿ ಬಲ ಇರುವುದಿಲ್ಲ, ತುಂಬಿದ ಬಕೆಟ್ ಉರುಳುವುದೂ ಇಲ್ಲ. ಎರಡು ಇಂಚು ನೀರಿದ್ದರೂ ಮೂಗು, ಬಾಯಿ ಮುಳುಗುತ್ತವೆ. ಬಿದ್ದರೆ ಅಳು ಕೇಳಿಸುತ್ತದೆ ಅಲ್ವಾ ಎನ್ನಬೇಡಿ. ಮುಳುಗುವ ಮಗು ಸಾಮಾನ್ಯವಾಗಿ ಸದ್ದೇ ಮಾಡುವುದಿಲ್ಲ.

ಸ್ನಾನ ಆದ ಮೇಲೆ ಬಕೆಟ್ ಖಾಲಿ ಮಾಡಿ ಬೋರಲು ಹಾಕಿ. ಇಷ್ಟು ಸುಲಭ. ಕಷ್ಟ ಇರುವುದು ದಿನ ಬಿಟ್ಟು ದಿನ ನಲ್ಲಿ ಬರುವ ಬೀದಿಗಳಲ್ಲಿ. ಅಲ್ಲಿ ನೀರು ಹಿಡಿದಿಡಲೇಬೇಕು. ಅಗಲ ಬಾಯಿಯ ಟಬ್ ಬಿಟ್ಟು, ಕಿರಿದಾದ ಬಾಯಿಯ ಬಿಂದಿಗೆಯಲ್ಲೋ ತಿರುಗಿಸುವ ಮುಚ್ಚಳದ ಕ್ಯಾನ್‌ನಲ್ಲೋ ತುಂಬಿಡಿ. ಡ್ರಮ್ ಬೇಕೇ ಬೇಕೆಂದರೆ ಕ್ಲಾಂಪ್ ಇರುವ ಮುಚ್ಚಳದ್ದನ್ನೇ ಕೊಳ್ಳಿ. ತಟ್ಟೆ ಮುಚ್ಚಿ ಮೇಲೊಂದು ಕಲ್ಲು ಹೇರುವುದು ಬೇಡ, ಆ ಕಲ್ಲೇ ಮಗುವಿನ ಕಾಲ ಮೇಲೆ ಬೀಳುತ್ತದೆ. ಡ್ರಮ್ ಪಕ್ಕದಲ್ಲಿ ಸ್ಟೂಲ್ ಇರಬಾರದು. ಬೋರಲು ಹಾಕಿದ ಬಕೆಟ್ಟನ್ನೂ ಅಲ್ಲಿಡಬೇಡಿ, ಅದರ ಮೇಲೂ ಹತ್ತುತ್ತವೆ.

ಆಮೇಲೆ ಚಿಲಕ. ಬಚ್ಚಲ ಬಾಗಿಲಿಗೆ ಹೊರಗಡೆ, ದೊಡ್ಡವರ ಭುಜದ ಎತ್ತರಕ್ಕೆ ಹಾಕಿಸಿ. ಸೊಂಟದ ಎತ್ತರದ್ದು ಸಾಲದು, ಕುರ್ಚಿ ಎಳೆಯಲು ಕಲಿತ ಮಗುವಿಗೆ ಅದು ಸಿಗುತ್ತದೆ. ಒಳಗಿನ ಕೆಳ ಚಿಲಕವನ್ನು ಬಿಚ್ಚಿಸಿಬಿಡಿ. ಇಲ್ಲದಿದ್ದರೆ ಮಗು ತಾನೇ ಹಾಕಿಕೊಂಡು ಒಳಗೆ ಸಿಕ್ಕಿಕೊಳ್ಳುತ್ತದೆ.

ಸಂಪಿನ ವಿಷಯದಲ್ಲಿ ರಾಜಿಯೇ ಬೇಡ. ತೆಳು ತಗಡಿನ ಮುಚ್ಚಳ ಅಂಚಿನಲ್ಲಿ ತುಕ್ಕು ತಿಂದು ಒಂದು ದಿನ ಕುಸಿಯುತ್ತದೆ. ಗಟ್ಟಿ ಕಬ್ಬಿಣದ ಮುಚ್ಚಳ ಹಾಕಿಸಿ, ಬೀಗ ಹಾಕಿ. ಅದರ ಕೆಳಗೆ ಸರಳಿನ ಜಾಲರಿಯನ್ನೂ ಮಾಡಿಸಿ. ವೆಲ್ಡಿಂಗ್ ಅಂಗಡಿಯವರು ಅಳತೆ ತೆಗೆದು ಮಾಡಿಕೊಡುತ್ತಾರೆ, ಪೈಪ್ ಇಳಿಸುವಷ್ಟು ಜಾಗ ಮಾತ್ರ ಬಿಡಲು ಹೇಳಿ. ಟ್ಯಾಂಕರ್ ಬಂದಾಗ ಮಗು ಮನೆಯೊಳಗಿರಲಿ, ನೀವು ಸಂಪಿನ ಬಳಿ ನಿಲ್ಲಿ. ಪೈಪ್ ತೆಗೆದ ಮೇಲೆ ಮುಚ್ಚಳವನ್ನು ನಿಮ್ಮ ಕೈಯಾರೆ ಹಾಕಿ. ಟ್ಯಾಂಕರಿನ ಹುಡುಗರಿಗೆ ಮುಂದಿನ ಮನೆಯ ಅವಸರ ಇರುತ್ತದೆ.

ಹಂತ 2: ಅಡುಗೆಮನೆ

ಬಿಸಿ ಸಾರಿನ ಪಾತ್ರೆ ನೆಲದ ಮೇಲೆ ಬೇಡ, ನೆಲದಲ್ಲಿ ಕೂತು ಉಣ್ಣುವ ಮನೆಯಾದರೂ ಅಷ್ಟೇ. ಕಟ್ಟೆಯಿಂದಲೇ ಬಡಿಸಿಕೊಂಡು ಬನ್ನಿ. ಮಿಕ್ಸಿ, ಕೆಟಲ್ ವೈರು ಕಟ್ಟೆಯಿಂದ ಕೆಳಗೆ ನೇತಾಡಬಾರದು. ಸುಟ್ಟರೆ ಕೂಡಲೇ 20 ನಿಮಿಷ ಸುಟ್ಟ ಜಾಗಕ್ಕೆ ನಲ್ಲಿ ನೀರು ಬಿಡಿ. ಟೂತ್‌ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ.

ಹಂತ 3: ಬಾಟಲಿ, ಸೆಲ್

ಫಿನೈಲ್, ಟಿನ್ನರ್, ಸೀಮೆಎಣ್ಣೆ, ಬಚ್ಚಲು ತೊಳೆಯುವ ಆಸಿಡ್. ಇವನ್ನು ಜ್ಯೂಸ್ ಬಾಟಲಿಗೆ ಸುರಿದಿಡುವುದನ್ನು ಇವತ್ತೇ ನಿಲ್ಲಿಸಿ. ಸಿಂಕ್ ಕೆಳಗಿನಿಂದ ತೆಗೆದು ಮೇಲಿನ ಕಪಾಟಿಗೆ ಹಾಕಿ, ಬಾಗಿಲಿಗೆ ಬೀಗ ಇರಲಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ, ಆಸಿಡ್ ಗಂಟಲನ್ನು ಎರಡನೇ ಸಲ ಸುಡುತ್ತದೆ. 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ದೀಪದ ಆಟಿಕೆ, ಕಾರಿನ ಕೀ, ಥರ್ಮಾಮೀಟರ್ ಒಳಗಿನ ಚಪ್ಪಟೆ ಬಟನ್ ಸೆಲ್ ಇನ್ನೂ ಅಪಾಯ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಾಯ ಮಾಡಬಲ್ಲದು. ಮಲದಲ್ಲಿ ಹೋಗುತ್ತದೆ ಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ನೇರ ಆಸ್ಪತ್ರೆಗೆ ಹೋಗಿ. ಸೆಲ್ ಜಾಗಕ್ಕೆ ಸ್ಕ್ರೂ ಇಲ್ಲದ ಆಟಿಕೆ ಎಷ್ಟೇ ಚೆಂದ ಇದ್ದರೂ ಕೊಳ್ಳಬೇಡಿ.

ಹಂತ 4: ಉಳಿದದ್ದು

ಬೀರು, ಟಿವಿಯನ್ನು ಗೋಡೆಗೆ ಬಿಗಿಸಿ. ಕಿಟಕಿ ಪಕ್ಕದ ಮಂಚ ಸರಿಸಿ. ಬಾಲ್ಕನಿ ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಜಾಸ್ತಿ ಜಾಗ ಇದ್ದರೆ ಬಲೆ ಕಟ್ಟಿಸಿ, ಹತ್ತಲು ಸಿಗುವ ಹೂಕುಂಡಗಳನ್ನು ತೆಗೆಯಿರಿ.

ಇನ್ನು ಪ್ಲಗ್. ಆ ಪ್ಲಾಸ್ಟಿಕ್ ಬಿರಡೆಗೆ ಸುಮ್ನೆ ದುಡ್ಡು ಹಾಕಬೇಡಿ. ಮಗು ಅದನ್ನು ಕಿತ್ತು ಬಾಯಿಗೆ ಹಾಕುತ್ತದೆ. ಒಳಗೆ ಶಟರ್ ಇರುವ ಸಾಕೆಟ್ ಹಾಕಿಸಿ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಕೇಳಿ. ಚಕ್ರದ ವಾಕರ್ ಉಡುಗೊರೆ ಬಂದರೆ ಬಳಸಬೇಡಿ. ಮಗುವನ್ನು ಮೆಟ್ಟಿಲಿಗೂ ಒಲೆಗೂ ಕ್ಷಣದಲ್ಲಿ ತಲುಪಿಸುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ.

ಊರಿನಿಂದ ಅಜ್ಜಿ, ತಾತ ಬಂದಾಗ ಅವರ ಮಾತ್ರೆ ದಿಂಬಿನ ಕೆಳಗೋ ಕೈಚೀಲದಲ್ಲೋ ಇರುತ್ತದೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಒಂದೇ ಒಂದು ಹೊಟ್ಟೆಗೆ ಹೋದರೂ ಪುಟ್ಟ ಮಗುವಿನ ಜೀವಕ್ಕೆ ಕುತ್ತು. ಬಂದ ದಿನವೇ ಅವರಿಗೊಂದು ಡಬ್ಬಿ ಕೊಟ್ಟು, ಮೇಲಿನ ಕಪಾಟಿನಲ್ಲಿ ಜಾಗ ಮಾಡಿಕೊಡಿ.